ಮನೆಗೆ ಬಂದು ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುವ ಶುಶ್ರೂಷಾ ಸೇವೆ: ಮಂಗಳೂರಿನಿಂದ ಒಂದು ವಿಮರ್ಶೆ

ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಬಹಳ ಇರುವುದರಿಂದ, ಮನೆಗೆ ಬಂದು ಶುಶ್ರೂಷೆ ಮಾಡುವ ತರಬೇತಾದ ಸಿಸ್ಟರುಗಳು ಸಿಗುವುದು ಬೇರೆ ಊರುಗಳಷ್ಟು ಕಷ್ಟವಲ್ಲ. ಹಾಸಿಗೆ ಹಿಡಿದವರ ಆರೈಕೆ, ಗಾಯದ ಡ್ರೆಸ್ಸಿಂಗ್, ಮೂತ್ರದ ನಳಿಕೆ ಬದಲಾಯಿಸುವುದು, ರಕ್ತದ ಮಾದರಿ ತೆಗೆಯುವುದು, ಹೀಗೆ ಅವರು ಒದಗಿಸುವ ಸೇವೆಗಳ ಪಟ್ಟಿ ಉದ್ದವಾಗಿರುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ‘ಇಂಜೆಕ್ಷನ್ ಮತ್ತು ಡ್ರಿಪ್’ ಎಂಬ ಸೇವೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವಂಥದ್ದು. ಅದರಲ್ಲೂ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡುವ ಕೆಲಸಕ್ಕೆ ಸೂಜಿ ಚುಚ್ಚುವ ಕೈಚಳಕ ಮಾತ್ರ ಸಾಲುವುದಿಲ್ಲ. ಔಷಧದ ಬಾಟಲಿ ತೆರೆಯುವ ಮೊದಲು ಸಿಸ್ಟರ್ ಏನು ಕೇಳುತ್ತಾರೆ, ಡ್ರಿಪ್ ಮುಗಿದ ಮೇಲೆ ಏನನ್ನು ಗಮನಿಸುತ್ತಾರೆ ಎಂಬುದರ ಮೇಲೆ ರೋಗಿಯ ಸುರಕ್ಷತೆ ನಿಂತಿದೆ. ಈ ವಿಮರ್ಶೆಯನ್ನು ನಾನು ಆ ಒಂದು ಅಳತೆಗೋಲಿನಿಂದಲೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಕೊಟ್ಟಿಲ್ಲ. ಒಂದೇ ಮನೆಯ ಅನುಭವದಿಂದ ಒಂದು ಸಂಸ್ಥೆಗೆ ಕೀರ್ತಿಯನ್ನೋ ಕಳಂಕವನ್ನೋ ತರುವುದಕ್ಕಿಂತ, ಇಂಥ ಸೇವೆಯಲ್ಲಿ ನೋಡಬೇಕಾದದ್ದು ಏನೆಂದು ಹೇಳುವುದು ಹೆಚ್ಚು ಉಪಯುಕ್ತ ಎಂದು ನನಗನ್ನಿಸಿದೆ.

ರೋಗಿ ನಮ್ಮ ಅತ್ತೆ. ವಯಸ್ಸು ಎಪ್ಪತ್ತು ದಾಟಿದೆ, ಮಧುಮೇಹವಿದೆ, ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದೆ. ಚಳಿಜ್ವರದೊಂದಿಗೆ ಮೂತ್ರದ ಸೋಂಕು ಬಂದು ಆಸ್ಪತ್ರೆಗೆ ಸೇರಿಸಿದಾಗ, ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಅದು ಇಎಸ್‌ಬಿಎಲ್ ಎಂಬ ಕಿಣ್ವವನ್ನು ಉತ್ಪಾದಿಸುವ ತಳಿಯಾಗಿತ್ತು. ಈ ಕಿಣ್ವವು ಪೆನಿಸಿಲಿನ್ ಗುಂಪಿನ ಹೆಚ್ಚಿನ ಔಷಧಗಳನ್ನೂ ಸೆಫ್ಟ್ರಿಯಾಕ್ಸೋನ್‌ನಂಥ ಸೆಫಲೋಸ್ಪೊರಿನ್‌ಗಳನ್ನೂ ಒಡೆದುಹಾಕುತ್ತದೆ. ವರದಿಯಲ್ಲಿ ಬಾಯಿಂದ ನುಂಗುವ ಮಾತ್ರೆಗಳ ಎದುರಿಗೆಲ್ಲ ‘ಆರ್’ ಎಂಬ ಅಕ್ಷರವೇ ಇತ್ತು. ಅಂದರೆ ಆ ಔಷಧಗಳಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದರ್ಥ. ಆದ್ದರಿಂದ ವೈದ್ಯರು ಕಾರ್ಬಪೆನೆಮ್ ಗುಂಪಿನ ಎರ್ಟಪೆನೆಮ್ ಆರಂಭಿಸಿದರು. ಅದೇ ಗುಂಪಿನ ಮೆರೊಪೆನೆಮ್ ಅನ್ನು ಸಾಮಾನ್ಯವಾಗಿ 8 ಗಂಟೆಗೊಮ್ಮೆ ಕೊಡಬೇಕಾಗುತ್ತದೆ, ಎರ್ಟಪೆನೆಮ್ ದಿನಕ್ಕೆ ಒಂದೇ ಸಲ ಸಾಕಾಗುತ್ತದೆ. ಈ ಒಂದು ಗುಣದಿಂದಾಗಿಯೇ ಜ್ವರ ಬಿಟ್ಟು, ಊಟ ಸೇರಲಾರಂಭಿಸಿದ ಮೇಲೆ ಉಳಿದ ಡೋಸುಗಳನ್ನು ಮನೆಯಲ್ಲಿಯೇ ಕೊಡಿಸಬಹುದೆಂದು ವೈದ್ಯರು ಒಪ್ಪಿದರು.

ಸೇವೆಯನ್ನು ಗೊತ್ತುಮಾಡುವ ಮೊದಲು ನಾನು ಹಲವು ಕಡೆ ಫೋನು ಮಾಡಿ ವಿಚಾರಿಸಿದೆ. ಒಂದು ಕಡೆ ‘ಯಾವ ಇಂಜೆಕ್ಷನ್ ಆದರೂ ಕೊಡುತ್ತೇವೆ ಮೇಡಂ, ಎಷ್ಟು ಗಂಟೆಗೆ ಬರಬೇಕು ಹೇಳಿ’ ಎಂದರು. ಔಷಧದ ಹೆಸರನ್ನೂ ಅವರು ಕೇಳಲಿಲ್ಲ, ರೋಗಿಯ ವಯಸ್ಸನ್ನೂ ಕೇಳಲಿಲ್ಲ. ಅಲ್ಲಿಗೆ ಆ ಮಾತು ಮುಗಿಸಿದೆ. ನಾವು ಕೊನೆಗೆ ಆರಿಸಿಕೊಂಡ ಸಂಸ್ಥೆಯ ಮೇಲ್ವಿಚಾರಕಿ ಫೋನಿನಲ್ಲಿಯೇ ನನ್ನಿಂದ ಉತ್ತರ ಪಡೆಯಲಾರಂಭಿಸಿದರು: ಔಷಧ ಯಾವುದು, ಆಸ್ಪತ್ರೆಯಲ್ಲಿ ಎಷ್ಟು ಡೋಸು ಆಗಿದೆ, ಅದರಿಂದ ಏನಾದರೂ ತೊಂದರೆಯಾಗಿತ್ತೇ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಡ್ರಿಪ್‌ಗಾಗಿ ಕೈಯ ರಕ್ತನಾಳದಲ್ಲಿ ಇರಿಸುವ ಚಿಕ್ಕ ನಳಿಕೆ, ಅಂದರೆ ಕ್ಯಾನುಲಾ, ಹಾಕಿ ಎಷ್ಟು ದಿನವಾಯಿತು, ತುರ್ತು ಬಂದರೆ ಹತ್ತಿರದ ಆಸ್ಪತ್ರೆ ಯಾವುದು. ಅವರಿಗೆ ಈ ಕೆಲಸ ಎಷ್ಟು ಗೊತ್ತಿದೆ ಎಂದು ತಿಳಿಯಲು ನಾನೂ ಒಂದೆರಡು ಪ್ರಶ್ನೆ ಕೇಳಿದೆ. ಸೆಫ್ಟ್ರಿಯಾಕ್ಸೋನ್ ಆಗಿದ್ದರೆ ಯಾವ ದ್ರಾವಣದಲ್ಲಿ ಕೊಡುತ್ತೀರಿ ಎಂದದ್ದಕ್ಕೆ, ‘ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರೊಂದಿಗೆ ಬೆರೆಸುವುದಿಲ್ಲ, ಒಂದೇ ನಳಿಕೆಯಲ್ಲಿ ಜೊತೆಯಾಗಿಯೂ ಹರಿಸುವುದಿಲ್ಲ’ ಎಂದು ತಡವರಿಸದೆ ಹೇಳಿದರು. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್‌ನ ವಿಷಯ ಕೇಳಿದಾಗ, 1 ಗ್ರಾಂ ಡೋಸಿಗೆ ಕನಿಷ್ಠ ಒಂದು ಗಂಟೆ ಬೇಕು, ಅವಸರಪಟ್ಟರೆ ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪಾಗಿ ತುರಿಸುತ್ತದೆ, ರಕ್ತದೊತ್ತಡವೂ ಇಳಿಯಬಹುದು ಎಂದರು. ನಮಗೆ ಆ ಎರಡು ಔಷಧಗಳೂ ಬೇಕಿರಲಿಲ್ಲ. ಆದರೂ ಆ ಉತ್ತರಗಳನ್ನು ಕೇಳಿದ ಮೇಲೆ ಅತ್ತೆಯನ್ನು ಅವರಿಗೆ ಒಪ್ಪಿಸಬಹುದೆಂಬ ಧೈರ್ಯ ಬಂತು. ಹೊಸ ಆಂಟಿಬಯಾಟಿಕ್ ಇಂಜೆಕ್ಷನ್ನಿನ ಮೊದಲ ಡೋಸನ್ನು ತಾವು ಮನೆಯಲ್ಲಿ ಕೊಡುವುದೇ ಇಲ್ಲ, ಅದು ಆಸ್ಪತ್ರೆಯಲ್ಲಿಯೇ ಆಗಿರಬೇಕು ಎಂಬ ಅವರ ನಿಯಮವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಗ್ರಾಹಕರನ್ನು ಕಳೆದುಕೊಳ್ಳುವ ನಷ್ಟವನ್ನು ಒಪ್ಪಿಕೊಂಡು ಪಾಲಿಸುವ ನಿಯಮವದು.

ಮೊದಲ ಭೇಟಿಗೆ ಬಂದ ಸಿಸ್ಟರ್ ಸುಳ್ಯದ ಕಡೆಯವರು. ಬಾಗಿಲಲ್ಲಿಯೇ ‘ಎಂಚ ಉಲ್ಲರ್ ಅಮ್ಮಾ’ (ಹೇಗಿದ್ದೀರಿ ಅಮ್ಮಾ) ಎಂದು ತುಳುವಿನಲ್ಲಿ ಮಾತನಾಡಿಸಿದ್ದರಿಂದ ಅತ್ತೆಯ ಅರ್ಧ ಅಳುಕು ಅಲ್ಲಿಗೇ ಹೋಯಿತು. ಆದರೆ ಮಾತಿನ ಸಲುಗೆಯನ್ನು ಅವರು ಕೆಲಸದ ಸಲುಗೆಯಾಗಲು ಬಿಡಲಿಲ್ಲ. ಡಿಸ್ಚಾರ್ಜ್ ಸಮ್ಮರಿ, ಕಲ್ಚರ್ ರಿಪೋರ್ಟ್, ವೈದ್ಯರ ಸಹಿ ಮತ್ತು ಮೊಹರು ಇರುವ ಚೀಟಿ, ಈಚಿನ ರಕ್ತಪರೀಕ್ಷೆ ಇವಿಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು, ಒಂದರಲ್ಲಿರುವುದಕ್ಕೂ ಇನ್ನೊಂದರಲ್ಲಿರುವುದಕ್ಕೂ ತಾಳೆ ನೋಡಿದ ಮೇಲೆಯೇ ಮುಂದಿನ ಮಾತು. ಅತ್ತೆಯ ಹೆಸರು, ವಯಸ್ಸು ಗೊತ್ತಿದ್ದರೂ ಪ್ರತಿದಿನ ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಒಂದೇ ಮನೆಯಲ್ಲಿ ಒಬ್ಬರೇ ರೋಗಿ ಇರುವಾಗ ಇದು ಅನಗತ್ಯವೆಂದು ಕಾಣಬಹುದು. ಆದರೆ ದಿನಕ್ಕೆ ನಾಲ್ಕಾರು ಮನೆ ಸುತ್ತುವ ಸಿಸ್ಟರ್ ಚೀಲದಲ್ಲಿ ನಾಲ್ಕಾರು ರೋಗಿಗಳ ಹಾಳೆಗಳಿರುತ್ತವೆ ಎಂಬುದನ್ನು ನೆನೆದರೆ, ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳು ಮನೆಯಲ್ಲಿಯೂ ಸಡಿಲವಾಗಬಾರದೇಕೆ ಎಂಬುದು ಅರ್ಥವಾಗುತ್ತದೆ.

ಅಲರ್ಜಿಯ ವಿಚಾರವನ್ನು ಅವರು ಕೇಳಿದ ರೀತಿ ನನಗೆ ಪಾಠದಂತಿತ್ತು. ಸಾಮಾನ್ಯವಾಗಿ ‘ಅಲರ್ಜಿ ಉಂಟಾ?’ ಎಂದು ಕೇಳಿ, ‘ಇಲ್ಲ’ ಎಂದರೆ ಗುರುತು ಹಾಕಿ ಮುಗಿಸುತ್ತಾರೆ. ಇವರು ಯಾವ ಔಷಧ ತೆಗೆದುಕೊಂಡಾಗ ಏನಾಯಿತು, ಎಷ್ಟು ಹೊತ್ತಿನಲ್ಲಿ ಆಯಿತು, ಆಸ್ಪತ್ರೆಗೆ ಹೋಗಬೇಕಾಯಿತೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಅತ್ತೆಗೆ ಎಷ್ಟೋ ವರ್ಷಗಳ ಹಿಂದೆ ಅಮಾಕ್ಸಿಸಿಲಿನ್ ನುಂಗಿ ವಾಂತಿಯಾದದ್ದು ನೆನಪಿತ್ತು. ಅಂದಿನಿಂದ ‘ಪೆನಿಸಿಲಿನ್ ನನಗಾಗದು’ ಎಂದೇ ಅವರು ಹೇಳಿಕೊಂಡು ಬಂದಿದ್ದರು. ವಾಂತಿ, ಹೊಟ್ಟೆ ತೊಳಸುವುದು ಔಷಧದ ಅಡ್ಡಪರಿಣಾಮ. ಮೈಮೇಲೆ ದದ್ದು, ತುಟಿ ಕಣ್ಣು ಊದುವುದು, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಅಲರ್ಜಿ. ಇವೆರಡನ್ನು ಬೇರೆಯಾಗಿಯೇ ಬರೆದಿಡಬೇಕು ಎಂದು ಸಿಸ್ಟರ್ ವಿವರಿಸಿದರು. ಅಮೆರಿಕದಲ್ಲಿ ನೂರಕ್ಕೆ ಸುಮಾರು 10 ಮಂದಿ ತಮಗೆ ಪೆನಿಸಿಲಿನ್ ಅಲರ್ಜಿಯಿದೆಯೆಂದು ಹೇಳುತ್ತಾರೆ, ಪರೀಕ್ಷಿಸಿ ನೋಡಿದರೆ ಅವರಲ್ಲಿ ಬಹುತೇಕರಿಗೆ ಅದು ಇರುವುದಿಲ್ಲ. ತಪ್ಪು ಹಣೆಪಟ್ಟಿ ಅಂಟಿಕೊಂಡ ರೋಗಿಗೆ ಸುಲಭವಾದ, ಅಗ್ಗವಾದ ಔಷಧವನ್ನು ಬಿಟ್ಟು ಹೆಚ್ಚು ಪ್ರಬಲವಾದದ್ದನ್ನು ಕೊಡುವ ಪರಿಸ್ಥಿತಿ ಬರುತ್ತದೆ. ಹಾಗೆಂದು ಸಿಸ್ಟರ್ ತಾವಾಗಿಯೇ ಆ ಹಣೆಪಟ್ಟಿಯನ್ನು ಅಳಿಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ದಾಖಲಿಸಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಲು ಹೇಳಿದರು. ಮೂರ್ಛೆರೋಗಕ್ಕೆ ವ್ಯಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ಕೇಳಿದರು. ಕಾರ್ಬಪೆನೆಮ್ ಗುಂಪಿನ ಔಷಧಗಳು ರಕ್ತದಲ್ಲಿ ಆ ಮಾತ್ರೆಯ ಮಟ್ಟವನ್ನು ಇಳಿಸಿಬಿಡುವುದರಿಂದ ಮೂರ್ಛೆ ಮರುಕಳಿಸುವ ಅಪಾಯವಿದೆಯಂತೆ. ಅತ್ತೆ ಅದನ್ನು ತೆಗೆದುಕೊಳ್ಳುವವರಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು.

ಔಷಧ ತಯಾರಿಸುವ ಮೊದಲು ಅವರ ಚೀಲದಿಂದ ಹೊರಬರುತ್ತಿದ್ದುದು ಅಡ್ರಿನಲಿನ್ ಔಷಧದ ಆಂಪ್ಯೂಲ್ (ಚಿಕ್ಕ ಗಾಜಿನ ಸೀಸೆ), ಸಿರಿಂಜ್ ಮತ್ತು ರಕ್ತದೊತ್ತಡದ ಯಂತ್ರ. ಮೊದಲ ಡೋಸುಗಳು ಸುರಕ್ಷಿತವಾಗಿ ಹೋಗಿವೆಯೆಂದ ಮಾತ್ರಕ್ಕೆ ತೀವ್ರ ಅಲರ್ಜಿ ಬರುವುದೇ ಇಲ್ಲ ಎನ್ನಲಾಗುವುದಿಲ್ಲ. ಬಂದರೆ ದೊಡ್ಡವರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೂಡಲೇ ಕೊಡಬೇಕು, ಆಮೇಲೆ 108ಕ್ಕೆ ಕರೆ. ಆಂಪ್ಯೂಲಿನ ಅವಧಿ ಮುಗಿಯುವ ದಿನಾಂಕವನ್ನು ನನಗೂ ತೋರಿಸಿ, ಅದನ್ನು ಕೈಗೆಟುಕುವಂತೆ ತಟ್ಟೆಯ ಒಂದು ಬದಿಗೆ ಇಡುತ್ತಿದ್ದರು. ಮನೆಗೆ ಬಂದು ಆಂಟಿಬಯಾಟಿಕ್ ಕೊಡುವವರ ಚೀಲದಲ್ಲಿ ಅಡ್ರಿನಲಿನ್ ಇಲ್ಲದಿದ್ದರೆ ಅವರನ್ನು ವಾಪಸು ಕಳುಹಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತಯಾರಿಯ ಶಿಸ್ತಿನ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಸಾಬೂನಿನಿಂದ ಕೈ ತೊಳೆದು, ಒರೆಸಿ ಒಣಗಿಸಿ, ಫ್ಯಾನ್ ಆರಿಸಿ, ಒರೆಸಿದ ಸ್ಟೀಲ್ ತಟ್ಟೆಯ ಮೇಲೆ ಎಲ್ಲವನ್ನೂ ಜೋಡಿಸುತ್ತಿದ್ದರು. 1 ಗ್ರಾಂ ಪುಡಿಯನ್ನು 10 ಮಿಲಿಲೀಟರ್ ದ್ರವದಲ್ಲಿ ಕರಗಿಸಿ, ಪೂರ್ತಿ ತಿಳಿಯಾದ ಮೇಲೆ 50 ಮಿಲಿಲೀಟರ್ ನಾರ್ಮಲ್ ಸಲೈನಿಗೆ ಸೇರಿಸಿ, ಅರ್ಧ ಗಂಟೆಯಲ್ಲಿ ಹರಿಸಬೇಕು. ಗ್ಲೂಕೋಸ್ ದ್ರಾವಣದಲ್ಲಿ ಎರ್ಟಪೆನೆಮ್ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಬಳಸಲೇಬಾರದು. 20 ಹನಿಗೆ 1 ಮಿಲಿಲೀಟರ್ ಬರುವ ಸೆಟ್ಟಿನಲ್ಲಿ ಇದು ನಿಮಿಷಕ್ಕೆ ಸುಮಾರು 40 ಹನಿ ಎಂದು ಅವರು ಗಡಿಯಾರ ಹಿಡಿದು ಎಣಿಸಿ ಹೊಂದಿಸುತ್ತಿದ್ದರು, ಅತ್ತೆ ಕೈ ಮಡಚಿ ಬಿಡಿಸಿದಾಗ ಮತ್ತೊಮ್ಮೆ ಎಣಿಸುತ್ತಿದ್ದರು. ನಳಿಕೆಯನ್ನು ಜೋಡಿಸುವ ಮೊದಲು ಕ್ಯಾನುಲಾದ ಬಾಯಿಯನ್ನು ಸ್ಪಿರಿಟ್ ಬಟ್ಟೆಯಿಂದ ಹದಿನೈದು ಸೆಕೆಂಡು ಉಜ್ಜಿ, ಅದು ಆರುವವರೆಗೂ ಕಾಯುತ್ತಿದ್ದರು. ಕೊನೆಗೆ ಸಲೈನಿನಿಂದ ನಳಿಕೆಯನ್ನು ತೊಳೆದು, ಆಮೇಲೂ ಸ್ವಲ್ಪ ಹೊತ್ತು ಕುಳಿತಿದ್ದು ನಾಡಿ, ಉಸಿರು, ಚರ್ಮ ನೋಡಿಯೇ ಹೊರಡುತ್ತಿದ್ದರು.

ನಮ್ಮ ಕರಾವಳಿಯ ಹವೆಯಲ್ಲಿ ಕ್ಯಾನುಲಾವನ್ನು ಕಾಪಾಡುವುದು ಸುಲಭವಲ್ಲ. ಬೆವರಿಗೂ ಮಳೆಗಾಲದ ತೇವಕ್ಕೂ ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ, ಅಂಚು ಎದ್ದಲ್ಲಿಂದ ಕೊಳೆ ಒಳಸೇರುತ್ತದೆ. ಒಳಗಿನ ಚರ್ಮ ಕಾಣುವಂಥ ಪಾರದರ್ಶಕ ಅಂಟುಪಟ್ಟಿಯನ್ನೇ ಹಾಕಿ, ಹಾಕಿದ ದಿನಾಂಕವನ್ನು ಅದರ ಮೇಲೆಯೇ ಬರೆದು, ಸ್ನಾನಕ್ಕೆ ಹೋಗುವಾಗ ಪ್ಲಾಸ್ಟಿಕ್ ಸುತ್ತುವ ಕ್ರಮವನ್ನು ನಮಗೆ ತೋರಿಸಿಕೊಟ್ಟರು. ಸೂಜಿಯ ಸುತ್ತ ನೋವು, ಕೆಂಪು, ಬಾವು, ರಕ್ತನಾಳ ಹಗ್ಗದಂತೆ ಗಟ್ಟಿಯಾಗುವುದು ಇವುಗಳನ್ನು ನೋಡಿ 0ಯಿಂದ 5ರವರೆಗೆ ಅಂಕ ಕೊಡುವ ಪದ್ಧತಿಯೊಂದಿದೆ. ಅಂಕ 2ಕ್ಕೆ ಬಂದರೆ ಉರಿಯೂತ ಶುರುವಾಗಿದೆಯೆಂದು ತಿಳಿದು ಸೂಜಿಯನ್ನು ತೆಗೆದು ಬೇರೆ ಕಡೆ ಹಾಕಬೇಕು. ಒಂದು ಬೆಳಿಗ್ಗೆ ಹಾಗೆಯೇ ಆಯಿತು. ಅತ್ತೆಯ ರಕ್ತನಾಳ ಸಿಗುವುದು ಕಷ್ಟ, ‘ನಾಳೆಯವರೆಗೆ ಇದರಲ್ಲೇ ನೂಕೋಣ’ ಎಂದು ನಾನೇ ಹೇಳಿದರೂ ಅವರು ಒಪ್ಪದೆ, ಬಿಸಿನೀರಿನ ಬಟ್ಟೆ ಇಟ್ಟು ನಾಳ ಎದ್ದ ಮೇಲೆ ಇನ್ನೊಂದು ಕೈಗೆ ಹಾಕಿದರು.

ಈ ಸೇವೆಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಡ್ರಿಪ್‌ಗೆ ಸಂಬಂಧವೇ ಇಲ್ಲವೆಂದು ತೋರುವ ಮಾತುಕತೆಯಲ್ಲಿ. ಪ್ರತಿದಿನ ಸಿಸ್ಟರ್ ಅತ್ತೆಯೊಡನೆ ಇಂದು ಯಾವ ವಾರ, ನಿನ್ನೆ ರಾತ್ರಿ ಯಾರು ಬಂದಿದ್ದರು, ಏನು ಉಂಡಿರಿ ಎಂದು ಲೋಕಾಭಿರಾಮವಾಗಿ ಮಾತನಾಡುತ್ತಿದ್ದರು. ಬಹಳ ಮಾತುಗಾರ್ತಿ ಎಂದುಕೊಂಡಿದ್ದೆ. ಕೊನೆಗೆ ಅವರೇ ವಿವರಿಸಿದರು: ಎರ್ಟಪೆನೆಮ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ, ಅದು ದುರ್ಬಲವಿರುವ ವಯಸ್ಸಾದವರಲ್ಲಿ ಔಷಧ ಶೇಖರವಾಗಿ ಗೊಂದಲ, ಇಲ್ಲದ್ದು ಕಾಣುವುದು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಮನೆಯವರು ಇದನ್ನು ವಯಸ್ಸಿನ ಮರೆವು, ಜ್ವರದ ಕನವರಿಕೆ ಎಂದುಕೊಂಡು ಸುಮ್ಮನಾಗುವುದುಂಟು. ಆ ಮಾತುಕತೆಯ ಪ್ರತಿ ಪ್ರಶ್ನೆಯೂ ಅತ್ತೆಯ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂಬ ಪರೀಕ್ಷೆಯಾಗಿತ್ತು. ಮೂತ್ರಪಿಂಡ ಸೋಸುವ ಸಾಮರ್ಥ್ಯ ನಿಮಿಷಕ್ಕೆ 30 ಮಿಲಿಲೀಟರ್ ಅಥವಾ ಅದಕ್ಕಿಂತ ಕೆಳಗಿಳಿದರೆ ಡೋಸನ್ನು 500 ಮಿಲಿಗ್ರಾಂಗೆ ಇಳಿಸಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿಯೇ ರಕ್ತ ತೆಗೆದು ಕ್ರಿಯಾಟಿನಿನ್ ನೋಡಿಸಿ, ಫಲಿತಾಂಶ ಬಂದ ಕೂಡಲೇ ವೈದ್ಯರಿಗೆ ಕಳುಹಿಸಿ, ಅವರ ಉತ್ತರ ಬಂದ ಮೇಲೆಯೇ ಮರುದಿನದ ಔಷಧ ಕರಗಿಸಿದರು.

ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳು ಅದು. ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಆಮೇಲೆ ಮೆಂತೆ ಗಂಜಿ ಉಣ್ಣುವ ಪದ್ಧತಿಯನ್ನು ಅತ್ತೆ ಒಂದು ವರ್ಷವೂ ತಪ್ಪಿಸಿದವರಲ್ಲ. ಔಷಧಿಯ ನಡುವೆ ಏನೇನು ಸೇವಿಸುತ್ತೀರಿ ಎಂದು ಸಿಸ್ಟರ್ ಕೇಳಿದ್ದರಿಂದಲೇ ಆ ಮಾತು ಬಂತು. ಇಲ್ಲವಾದರೆ ವೈದ್ಯರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯುತ್ತಿರಲಿಲ್ಲ. ಅವರು ಕಷಾಯವನ್ನು ಹೀಗಳೆಯಲಿಲ್ಲ. ಮೂತ್ರಪಿಂಡ ದುರ್ಬಲವಾಗಿದ್ದು ಪ್ರಬಲ ಔಷಧ ಒಳಗಿರುವಾಗ ಹೊಸದೇನನ್ನೂ ಸೇರಿಸದಿರುವುದು ಒಳ್ಳೆಯದು, ಆಮೇಲೆ ವಾಂತಿಯೋ ಭೇದಿಯೋ ಆದರೆ ಕಾರಣ ಔಷಧವೇ ಕಷಾಯವೇ ಎಂದು ತಿಳಿಯಲಾಗದು, ಈ ವರ್ಷ ಮೆಂತೆ ಗಂಜಿ ಮಾತ್ರ ಸಾಕು ಎಂದು ಅತ್ತೆಯ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಹೇಳಿದರು. ಮನೆಯವರ ಮಾತಿಗೆ ಒಪ್ಪದ ಅತ್ತೆ ಅವರ ಮಾತಿಗೆ ಒಪ್ಪಿದರು. ಊರಿನ ಆಚಾರ ತಿಳಿದ ಸಿಸ್ಟರ್ ಮಾತ್ರ ಇಂಥದ್ದನ್ನು ಕೇಳಿ ತಿಳಿಯಬಲ್ಲರು, ಮುದ್ರಿತ ಫಾರಂನಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಭೇದಿಯ ವಿಷಯದಲ್ಲಿಯೂ ಅವರ ಸೂಚನೆ ಸ್ಪಷ್ಟವಾಗಿತ್ತು. ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಒಂದೆರಡು ಸಲ ಸಡಿಲವಾಗಿ ಹೋಗುವುದು ಸಾಮಾನ್ಯ, ಆದರೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ, ಹೊಟ್ಟೆನೋವು ಅಥವಾ ಜ್ವರ ಜೊತೆಗಿದ್ದರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ನಾವಾಗಿಯೇ ಕೊಡದೆ ತಿಳಿಸಬೇಕು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ತಲೆಯೆತ್ತುವ ಸಿ. ಡಿಫಿಸಿಲ್ ಎಂಬ ರೋಗಾಣುವಿನ ಬೀಜಕಣಗಳು ಸ್ಯಾನಿಟೈಸರಿಗೆ ಸಾಯುವುದಿಲ್ಲ, ಸಾಬೂನು ಹಚ್ಚಿ ನೀರಿನಲ್ಲಿ ತೊಳೆದು ಕಳೆಯಬೇಕು ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಔಷಧವನ್ನು ಸಂಸ್ಥೆಯವರು ತರುವುದಿಲ್ಲ, ನಾವೇ ಮೆಡಿಕಲ್‌ನಿಂದ ಬಿಲ್ಲಿನೊಂದಿಗೆ ತಂದಿಡಬೇಕು. ಇದು ನನಗೆ ಮೊದಲು ತೊಂದರೆಯೆನಿಸಿದರೂ ಈಗ ಸರಿಯೆನಿಸಿದೆ, ಏಕೆಂದರೆ ಬ್ಯಾಚ್ ಸಂಖ್ಯೆ ನಮ್ಮ ಕಣ್ಣೆದುರಿಗೇ ಇರುತ್ತದೆ. ಎರ್ಟಪೆನೆಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಔಷಧ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಅಂಗಡಿಯವರು ವೈದ್ಯರ ಚೀಟಿ ನೋಡಿಯೇ ಕೊಡಬೇಕು, ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿರುವಲ್ಲಿ ಇದು ನಡುವಿನ, ಎಚ್ಚರದಿಂದ ಬಳಸಬೇಕಾದ ಗುಂಪಿಗೆ ಸೇರಿದೆ. ಬಾಟಲಿಯ ಮೇಲೆ 25 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಿ ಎಂದಿತ್ತು, ನಮ್ಮೂರಿನ ಕೋಣೆಯಲ್ಲಿ ಮಳೆಗಾಲದಲ್ಲಿಯೂ ಅಷ್ಟು ತಂಪು ಖಚಿತವಿಲ್ಲ. ಅದನ್ನು ಮೊದಲು ಗಮನಿಸಿದವರೂ ಸಿಸ್ಟರೇ. ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿಕೊಂಡು ಫ್ರೀಜರಿನಿಂದ ದೂರ, ಫ್ರಿಜ್ಜಿನ ಕೆಳತಟ್ಟಿನಲ್ಲಿ ಇಡಿಸಿದರು.

ಇದೇ ಸಮಯದಲ್ಲಿ ಪಕ್ಕದ ಮನೆಯವರಿಗೆ ಇಲಿಜ್ವರದ ಶಂಕೆಯಿಂದ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರು. ಗದ್ದೆ, ತೋಟದ ನೀರಿನಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಪರಿಚಿತ ಕಾಯಿಲೆಯದು. ರಾತ್ರಿ ಮಲಗುವಾಗ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ ಎದೆಯುರಿ ಬಂದು ಅರ್ಧಕ್ಕೇ ಬಿಡುವುದರಲ್ಲಿದ್ದರು. ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಕುಳಿತಿರಬೇಕು, ಇಲ್ಲವಾದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಆಮ್ಲಶಾಮಕದ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಎಂದು ನಮ್ಮ ಸಿಸ್ಟರ್ ಗೇಟಿನ ಬಳಿ ನಿಂತೇ ಹೇಳಿಹೋದರು. ಅದಕ್ಕೆ ಶುಲ್ಕವೇನೂ ಇರಲಿಲ್ಲ.

ಇನ್ನು ಕೊರತೆಗಳು. ಇವುಗಳಲ್ಲಿ ಒಂದು ಗಂಭೀರವಾದದ್ದು. ಕಾಯಂ ಸಿಸ್ಟರ್ ರಜೆಯಲ್ಲಿದ್ದ ಭಾನುವಾರ ಬದಲಿಯಾಗಿ ಬಂದವರು ತಡವಾಗಿ ಬಂದರು, ಕೈ ತೊಳೆಯದೆ ಕೈಗವಸು ಹಾಕಿಕೊಂಡರು, ಕ್ಯಾನುಲಾದ ಬಾಯಿಯನ್ನು ಉಜ್ಜಲಿಲ್ಲ. ಡ್ರಿಪ್‌ನ ವೇಗವನ್ನು ಹೆಚ್ಚಿಸಿದ್ದನ್ನು ನಾನು ಪ್ರಶ್ನಿಸಿದಾಗ ‘ಏನೂ ಆಗುವುದಿಲ್ಲ ಅಕ್ಕ, ಬೇಗ ಮುಗಿಸುವ’ ಎಂದರು. ಕೊನೆಯ ಹನಿಗಳು ಬಾಕಿಯಿರುವಾಗಲೇ, ಮುಗಿದ ಮೇಲೆ ಕ್ಲ್ಯಾಂಪ್ ತಿರುಗಿಸಿಬಿಡಿ ಎಂದು ನನಗೆ ಹೇಳಿ ಹೊರಡಲು ಎದ್ದರು. ನಾನು ಬಿಡಲಿಲ್ಲ. ಕೈಗವಸು ಹಾಕಿದರೆ ಕೈ ತೊಳೆಯುವ ಅಗತ್ಯವಿಲ್ಲವೆಂಬ ತಿಳಿವಳಿಕೆ ತಪ್ಪು, ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಶುದ್ಧ ಕೆಲಸಕ್ಕೆ ಮೊದಲು ಕೈಶುದ್ಧಿ ಆಗಲೇಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೇ ಇದೆ. ಮೇಲ್ವಿಚಾರಕಿಗೆ ಅಂದೇ ತಿಳಿಸಿದೆ. ಅವರು ಸಮರ್ಥನೆಗೆ ಇಳಿಯದೆ ಕ್ಷಮೆ ಕೇಳಿ, ಮರುದಿನ ತಾವೇ ಬಂದು ಕ್ಯಾನುಲಾ ಪರೀಕ್ಷಿಸಿದರು. ಆ ಬದಲಿ ಸಿಸ್ಟರ್‌ಗೆ ಮತ್ತೆ ತರಬೇತಿ ಕೊಡುವವರೆಗೆ ಡ್ರಿಪ್ ಕೆಲಸ ಕೊಡುವುದಿಲ್ಲವೆಂದರು. ಆ ನಡವಳಿಕೆಯನ್ನು ಗೌರವಿಸುತ್ತೇನೆ. ಆದರೆ ಸಂಸ್ಥೆಯ ಗುಣಮಟ್ಟ ಒಬ್ಬ ಒಳ್ಳೆಯ ಸಿಸ್ಟರ್ ಮೇಲೆ ನಿಂತಿದ್ದರೆ ಅವರ ರಜೆಯ ದಿನ ರೋಗಿಯ ಪಾಡೇನು ಎಂಬ ಪ್ರಶ್ನೆ ಉಳಿಯುತ್ತದೆ. ನನ್ನಂತೆ ಪಕ್ಕದಲ್ಲಿ ನಿಂತು ನೋಡುವವರಿಲ್ಲದ, ಹಿರಿಯರಿಬ್ಬರೇ ಇರುವ ಮನೆಗಳು ಈ ಊರಿನಲ್ಲಿ ಎಷ್ಟಿಲ್ಲ!

ಎರಡನೆಯ ಕೊರತೆ ತ್ಯಾಜ್ಯದ್ದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಡ್ರಿಪ್ ಸೆಟ್ಟಿನಂಥ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಸೂಜಿ ಚುಚ್ಚಲಾಗದ ಬಿಳಿ ಡಬ್ಬಿಗೆ, ಗಾಜಿನ ಬಾಟಲಿ ನೀಲಿ ಗುರುತಿನ ಪೆಟ್ಟಿಗೆಗೆ, ಉಳಿಕೆ ಔಷಧ ಹಳದಿ ಚೀಲಕ್ಕೆ ಹೋಗಬೇಕು. ಇವರು ಸೂಜಿಗಳನ್ನು ಮಾತ್ರ ಗಟ್ಟಿ ಡಬ್ಬಿಯಲ್ಲಿ ಒಯ್ಯುತ್ತಿದ್ದರು, ಸೆಟ್ ಮತ್ತು ಬಾಟಲಿಗಳನ್ನು ನಮ್ಮ ಮನೆಯ ಒಣಕಸಕ್ಕೆ ಹಾಕಲು ಹೇಳಿದರು. ನಾನು ಒಪ್ಪದೆ ಕಟ್ಟಿಟ್ಟು ಅವರಿಂದಲೇ ಒಯ್ಯಿಸಿದೆ. ಬೆಳಿಗ್ಗೆ ಕಸದ ಗಾಡಿಯಲ್ಲಿ ಬರಿಗೈಯಲ್ಲಿ ವಿಂಗಡಿಸುವವರ ಆರೋಗ್ಯ ಒಂದು ಕಾರಣ. ಬಾಟಲಿಯಲ್ಲಿ ಉಳಿದ ಆಂಟಿಬಯಾಟಿಕ್ ಮಣ್ಣು ನೀರು ಸೇರಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುವ ಅಪಾಯ ಇನ್ನೊಂದು. ಇಂಥ ಪ್ರತಿರೋಧದಿಂದಲೇ ಅತ್ತೆಗೆ ಮಾತ್ರೆ ಹಿಡಿಯದೆ ಡ್ರಿಪ್ ಬೇಕಾಯಿತಲ್ಲವೇ?

ಮನೆಯವರು ಗಮನಿಸಬೇಕಾದ ಅಪಾಯದ ಲಕ್ಷಣಗಳ ಹಾಳೆಯನ್ನು ಅವರು ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ. ಕನ್ನಡದಲ್ಲಿ ಒಂದು ಪುಟ ಮುದ್ರಿಸುವುದು ಕಷ್ಟದ ಕೆಲಸವಲ್ಲ. ರಾತ್ರಿಯ ಫೋನಿಗೆ ಉತ್ತರ ಬರಲು ತಡವಾಗುತ್ತದೆ. ಸಮಯಪಾಲನೆ ಒಟ್ಟಿನಲ್ಲಿ ಚೆನ್ನಾಗಿದೆ, ಪಂಪ್‌ವೆಲ್‌ನಲ್ಲಿ ನೀರು ನಿಂತು ದಾರಿ ಕಟ್ಟಿದ ದಿನವೂ ಮೊದಲೇ ತಿಳಿಸಿ ಸುತ್ತುಬಳಸಿ ಬಂದರು. ಭೇಟಿಯ ಶುಲ್ಕ, ಪ್ರಯಾಣದ ಖರ್ಚು, ಕ್ಯಾನುಲಾ ಬದಲಾಯಿಸಿದರೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಟ್ಟಿದ್ದರು, ಕೊನೆಯ ಬಿಲ್ಲಿನಲ್ಲಿ ಬೇರೇನೂ ಸೇರಲಿಲ್ಲ. ಆಸ್ಪತ್ರೆಯ ಕೋಣೆ ಬಾಡಿಗೆಗೆ ಹೋಲಿಸಿದರೆ ಉಳಿತಾಯವಿದೆ, ಆದರೆ ಖರ್ಚಿನ ದೊಡ್ಡ ಪಾಲು ಔಷಧದ್ದೇ.

ಸ್ಥಿತಿ ಸ್ಥಿರವಾಗಿರುವ, ದಿನಕ್ಕೊಂದೇ ಡೋಸು ಬೇಕಾದ, ಜೊತೆಗೆ ಒಬ್ಬರಾದರೂ ಎಚ್ಚರದಿಂದ ನೋಡುವವರಿರುವ ರೋಗಿಗೆ ನಾನು ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ರಕ್ತದೊತ್ತಡ ಏರುಪೇರಾಗುವವರಿಗೆ, ದಿನಕ್ಕೆ ಮೂರು ನಾಲ್ಕು ಸಲ ಔಷಧ ಬೇಕಾದವರಿಗೆ, ಹಿಂದೆ ತೀವ್ರ ಅಲರ್ಜಿ ಆಗಿದ್ದವರಿಗೆ ಆಸ್ಪತ್ರೆಯೇ ಸರಿ. ವೈದ್ಯರು ಬರೆದಷ್ಟು ಡೋಸು ಮುಗಿದ ದಿನ ಸಿಸ್ಟರ್ ಕ್ಯಾನುಲಾ ತೆಗೆದು, ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಹತ್ತಿ ಅಂಟಿಸಿ, ಫೈಲನ್ನು ನಮಗೆ ಒಪ್ಪಿಸಿದರು. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ತಿಳಿಸುವುದಲ್ಲದೆ, ದೇಶದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯ ಮನೆಯವರೂ ವರದಿ ಮಾಡಬಹುದೆಂದು ಫೈಲಿನ ರಟ್ಟಿನ ಮೇಲೆ ಬರೆದಿದ್ದರು. ಆಂಟಿಬಯಾಟಿಕ್‌ನಿಂದ ಬರುವ ಭೇದಿ ಔಷಧ ನಿಂತು ಕೆಲವು ವಾರಗಳ ಮೇಲೂ ಕಾಣಿಸಬಹುದಾದ್ದರಿಂದ, ಬಿಲ್ಲು ಚುಕ್ತಾ ಆದ ಮೇಲೂ ಅವರು ಫೋನು ಮಾಡಿ ಅತ್ತೆಯ ಹೊಟ್ಟೆ, ಜ್ವರ, ಮೂತ್ರದ ಉರಿ ಇವುಗಳನ್ನು ವಿಚಾರಿಸಿದರು. ತೊಂದರೆಯೇನೂ ಇಲ್ಲದಿದ್ದರೆ ಸುಮ್ಮನೆ ಇನ್ನೊಮ್ಮೆ ಮೂತ್ರದ ಕಲ್ಚರ್ ಮಾಡಿಸಿ, ಅದರಲ್ಲಿ ಬಂದದ್ದಕ್ಕೆ ಮತ್ತೆ ಆಂಟಿಬಯಾಟಿಕ್ ಹಿಡಿಯುವ ಅಗತ್ಯವಿಲ್ಲ, ವೈದ್ಯರು ಹೇಳಿದರೆ ಮಾತ್ರ ಮಾಡಿಸಿ ಎಂದೂ ತಿಳಿಸಿದರು.